ಕಲ್ಲಿಗೆ ಕೇಳಿ ಕುಡಿಯುವವರು

೧೯೯೦ರಲ್ಲಿ, ಒಂಬತ್ತನೇ ಇಯತ್ತೆ ಅರ್ಧ ಆಗಿದ್ದಾಗ, ನಾನು ಸಾಲಿ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ಅಪ್ಪ ಮಗ್ಗಕ್ಕೆ ಕೂಡು ಅಂದ. ನಾನು ಗ್ರಾನೈಟ್ ಫ್ಯಾಕ್ಟರಿಗೆ ಪಾಲಿಶ್ ಕಲಿಯಲು ಹೋದೆ. ಎಂಟು ವರ್ಷದಲ್ಲಿ, ನಾನು ತಿಕ್ಕಿದ ಕಲ್ಲಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು ಅನ್ನುವ ಮಾತು ಬಂತು. ಹಂಗಂತ ಬರೆಯಲು ನನಗೆ ನಾಚಿಕೆ ಇಲ್ಲ. ದುಡಿದು ಗಳಿಸಿದ ಮಾತು ಅದು.

ಆದರೆ ಬರೆಯಲು ಕೂತದ್ದು ನನ್ನ ಬಗ್ಗೆ ಅಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಕಲ್ಲು ಆರಿಸುತ್ತಿದ್ದ ಒಬ್ಬರ ಬಗ್ಗೆ. ನಾವು ಅವರನ್ನು ಸಾಹೇಬರು ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಅಷ್ಟೇ ಸಾಕು. ಅವರು ತೀರಿ ಭಾಳ ವರ್ಷ ಆಯಿತು. ಅವರ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುತ್ತಿದ್ದ ತಾಯಿ, ಹೋದ ತಿಂಗಳು ತೀರಿದರು. ಅವರು ಇರುವ ತನಕ ಈ ಸಂಗತಿ ಬಾಯಿ ಬಿಡಬಾರದು ಅಂತ ನನಗೆ ಆಣೆ ಇತ್ತು. ಈಗ ಆ ಆಣೆ ತೀರಿದೆ, ಹೆದರಿಕೆ ತೀರಿಲ್ಲ.

ಸಾಹೇಬರು ಬಾದಾಮಿಯ ಕಡೆಯವರು. ಬಿಳಿ ಅಂಗಿ, ಹವಾಯಿ ಚಪ್ಪಲಿ, ಕಿಸೆಯಲ್ಲಿ ಒಂದು ಸೀಮೆಸುಣ್ಣದ ತುಂಡು. ಖಣಿಯಲ್ಲಿ ಕೊರೆದು ನಿಲ್ಲಿಸಿದ ಕಲ್ಲು ಎಂದರೆ ಒಂದೊಂದು ಸಣ್ಣ ಮನೆಯಷ್ಟು. ಅದರೊಳಗೆ ಕೂದಲೆಳೆಯಷ್ಟು ಸೀಳಿದ್ದರೂ ಕೊಯ್ಯುವಾಗ ಹೋಳಾಗುತ್ತದೆ. ಬೇರೆಯವರು ಸುತ್ತಿಗೆಯಿಂದ ಬಡಿದು, ಕಿವಿ ಇಟ್ಟು, ವಾದ ಮಾಡುವರು. ಸಾಹೇಬರು ಎರಡು ಕೊಡ ನೀರು ಸುರಿಸಿ, ಎದುರಿಗೆ ಕುಕ್ಕುರುಗಾಲಲ್ಲಿ ಕೂತುಬಿಡುವರು. ಬಿಸಿಲಿಗೆ ಎಲ್ಲ ಒಣಗಿದ ಮೇಲೆ, ಸೀಳಿದ್ದಲ್ಲಿ ಮಾತ್ರ ಹಸಿ ಗೆರೆ ಒಂದಷ್ಟು ಹೊತ್ತು ಉಳಿಯುತ್ತದೆ. ಅದರ ಮೇಲೆ ಸುಣ್ಣದಿಂದ ಗೀರು ಎಳೆದು ಎದ್ದು ಹೋಗುವರು. ಮಾಲಕರು ಬೇಸರ ಮಾಡಿಕೊಂಡರೂ ಅಷ್ಟೇ, ಲಾರಿ ಕಾಯುತ್ತಿದ್ದರೂ ಅಷ್ಟೇ.

"ಮಂದಿಗಿ ಕೇಳಬ್ಯಾಡ ತಮ್ಮಾ, ಕಲ್ಲಿಗಿ ಕೇಳು," ಅನ್ನುವರು. "ಕಲ್ಲಿಗಿ ಮುಲಾಜ ಇರೂದಿಲ್ಲ."

ಒಂದು ಸಲ ಇಟಲಿಯಿಂದ ಬಂದ ಗಿರಾಕಿ ಒಂದು ಕೆಂಪು ಕಲ್ಲನ್ನು ಮೆಚ್ಚಿ ಸುತ್ತ ಸುತ್ತ ತಿರುಗುತ್ತಿದ್ದ. ಮಾಲಕರ ಮುಖ ಅರಳಿತ್ತು. ಸಾಹೇಬರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು ಬಾರದು. ಇವರು ನೀರು ಸುರಿಸಿದರು, ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡರು, ಇಬ್ಬರೂ ಅರ್ಧ ತಾಸು ಕಲ್ಲನ್ನೇ ನೋಡುತ್ತ ಕೂತರು. ಕೊನೆಗೆ ಹಸಿ ಗೆರೆ ಕಾಣಿಸಿತು. ಅವನು ಇವರ ಹೆಗಲ ಮೇಲೆ ಕೈ ಇಟ್ಟು ಎದ್ದ. ಮಾಲಕರು ಎರಡು ದಿನ ಸಾಹೇಬರನ್ನು ಮಾತಾಡಿಸಲಿಲ್ಲ. ಮುಂದಿನ ವರ್ಷ ಅದೇ ಮನುಷ್ಯ ಬಂದು ನಾಲ್ಕು ಪಟ್ಟು ಕಲ್ಲು ಒಯ್ದ, ಸಾಹೇಬರ ಕೈಗೆ ಒಂದು ಕರಿ ಬಾಟ್ಲಿ ಇಟ್ಟ. ಗಿಡಮೂಲಿಕೆ ಹಾಕಿದ ದಾರು. ಅವರ ಕಡೆ ಊಟ ಆದ ಮೇಲೆ ಒಂದು ಗುಟುಕು ಕುಡಿಯುತ್ತಾರಂತೆ, ಅಮಾರೋ ಅನ್ನುತ್ತಾರಂತೆ, ಹಂಗಂದರೆ ಕಹಿ. ಗೋರಿಕಲ್ಲು ಒಯ್ಯಲು ಬರುವ ಅಮೇರಿಕದವರಿಗೂ ಈ ಸುದ್ದಿ ಮುಟ್ಟಿತು. ಅವರು ಬರ್ಬನ್ ತಂದರು. ಅದು ಗೋವಿನಜೋಳದ ದಾರು, ಸುಟ್ಟ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು. ಹೀಗೆ ೧೯೯೮ರ ಹೊತ್ತಿಗೆ ಇಳಕಲ್ಲಿನ ಒಂದು ಸಣ್ಣ ಮನೆಯ ಅಡಿಗೆಮನೆ ಗೋಡೆಯ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಏಳೆಂಟು ಪರದೇಶದ ಬಾಟ್ಲಿ ಕೂತವು.

ಸಾಹೇಬರು ಕುಡುಕರಲ್ಲ. ಅದನ್ನು ನಾನು ಯಾರ ಎದುರಿಗಾದರೂ ಹೇಳಿಯೇನು. ರವಿವಾರ ಹನ್ನೆರಡಕ್ಕೆ, ಸ್ನಾನ ಆದ ಮೇಲೆ, ಊಟಕ್ಕೆ ಮೊದಲು, ಪಡಸಾಲಿಯಲ್ಲಿ ಕೂತು ಎರಡೋ ಮೂರೋ ಬಾಟ್ಲಿ ಇಳಿಸಿಕೊಳ್ಳುವರು. ಒಂದೊಂದರಿಂದ ಒಂದು ಮುಚ್ಚಳ, ಅಷ್ಟೇ. ಅದಕ್ಕೂ ಮೊದಲು ಒಂದು ಪದ್ಧತಿ ಇತ್ತು. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲಿನ ಫರಸಿ, ಅಂಗೈಯಗಲದ ತುಂಡು, ನಾನೇ ಪಾಲಿಶ್ ಮಾಡಿ ಕೊಟ್ಟದ್ದು. ಅದರ ಮೇಲೆ ಪೆನ್ಸಿಲಿನಿಂದ ಒಂದು, ಎರಡು, ಮೂರು ಅಂತ ಬರೆದು, ಪ್ರತಿ ಅಂಕಿಯ ಕೆಳಗೆ ಆ ಬಾಟ್ಲಿಯ ಒಂದು ಹನಿ. ಹನಿ ಒಣಗುವ ತನಕ ಬಾಯಿಗೆ ಇಲ್ಲ. ಬರ್ಬನ್ ಹನಿ ಹಾರಿ ಹೋಗಿ ತೆಳ್ಳಗೆ ಒಂದು ಬಳೆ ಬಿಡುವುದು. ಇಟಲಿಯದ್ದು ಅಂಟಂಟಾಗಿ ಕಂದು ಕಲೆ. "ಸಕ್ಕರಿ ಹಾಕ್ಯಾರ, ಕಹಿ ಮುಚ್ಚಾಕ," ಅನ್ನುವರು. ಆಮೇಲೆ ಮೂಗು, ಆಮೇಲೆ ನಾಲಿಗೆ, ಆಮೇಲೆ ನೋಟ್‌ಬುಕ್ಕು. ಮುಂದಿನ ವಾರಕ್ಕೆ ಆ ಫರಸಿಯನ್ನು ನಾನು ಮತ್ತೆ ತಿಕ್ಕಿ ತರುತ್ತಿದ್ದೆ.

ನನ್ನನ್ನು ಜೊತೆಗೆ ಕರೆದದ್ದು ನಾನು ಕುಡಿಯುವವನಲ್ಲ ಅಂತ. "ನಿನ್ನ ಬಾಯಿ ಕೆಟ್ಟಿಲ್ಲ, ಖರೆ ಹೇಳ್ತದ," ಅಂದರು. ದಾರು ಕುಡಿದವನ ಕೈಯ ನೀರನ್ನೂ ನಮ್ಮವ್ವ ಮುಟ್ಟುತ್ತಿರಲಿಲ್ಲ. ಮೊದಲನೇ ಸಲ ಬರ್ಬನ್ ನಾಲಿಗೆಗೆ ಹಚ್ಚಿದಾಗ ಗಂಟಲು ಉರಿದು, ಹಿಂದಿನಿಂದ ಬೆಲ್ಲ ಬಂತು. ಹೆಂಗದ ಅಂತ ಕೇಳಿದರು. ಅಮೀನಗಡದಾಗ ಕರದಂಟು ಮಾಡುವಾಗ ಬೆಲ್ಲದ ಪಾಕ ತಳ ಹಿಡೀತದಲ್ರಿ, ಆ ವಾಸನೆ ಅಂದೆ. ಸಾಹೇಬರು ನನ್ನ ಕಡೆ ನೋಡಿ, ಅದನ್ನು ಹಾಗೇ ಬರೆದುಕೊಂಡರು. ಒಂಬತ್ತನೇ ಇಯತ್ತೆ ಬಿಟ್ಟವನ ಮಾತನ್ನು ಯಾರೋ ಬರೆದುಕೊಂಡದ್ದು ಅದೇ ಮೊದಲು.

ಇಟಲಿಯದ್ದು ಕಿರಾತಕಡ್ಡಿ ಕಷಾಯ. ಜ್ವರ ಬಂದಾಗ ಮೂಗು ಹಿಡಿದು ಕುಡಿಸುತ್ತಿದ್ದರಲ್ಲ, ಅದೇ. ಅಕ್ಕಾರು ಎಂದೂ ಹನಿ ಮುಟ್ಟಿದವರಲ್ಲ. ಆದರೆ ಒಂದು ದಿನ ಬಾಟ್ಲಿಯ ಮುಚ್ಚಳ ಮೂಸಿ, ಬಜಿ ಬೇರು, ಕಿತ್ತಳೆ ಸಿಪ್ಪೆ, ಸೋಂಪು, ಇನ್ನೊಂದು ಯಾವುದೋ ನಮ್ಮ ಕಡೆ ಇಲ್ಲದ್ದು ಅಂತ ಎಣಿಸಿಬಿಟ್ಟರು. "ಇಷ್ಟಕ್ಕ ಅವರು ವಿಮಾನ ಹತ್ತಿ ತರಬೇಕೇನು? ನನ್ನ ಕೇಳಿದ್ರ ಒಳಕಲ್ಲಾಗ ಅರದು ಕೊಡ್ತಿದ್ದೆ," ಅಂದರು. ಸಾಹೇಬರು ನಕ್ಕು, ಅಮೇರಿಕದವರು ಮಿಠಾಯಿ ಅಂಗಡಿಯವರು, ಇಟಲಿಯವರು ಬಾಣಂತಿ ಮನೆಯ ಅಜ್ಜಿಯರು ಅಂತ ತೀರ್ಪು ಕೊಟ್ಟರು. ಅವರಿಗೆ ಸಕ್ಕರೆ ಬೇನೆ ಇತ್ತು. ಮಿಠಾಯಿ ಅಂಗಡಿಗೂ ಹೋಗಬಾರದು, ಅಜ್ಜಿ ಹತ್ತಿರಾನೂ ಕೂಡಬಾರದು ಅಂತ ಅಕ್ಕಾರು ಗೊಣಗುವರು. ಸಾಹೇಬರು ಕಿವಿ ಕೇಳದವರಂತೆ ಮುಚ್ಚಳದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿರುವರು.

ಖಾಲಿ ಬಾಟ್ಲಿಗಳು ನನಗೆ ಬರುತ್ತಿದ್ದವು. ದಪ್ಪ ಗಾಜು, ಬಿಗಿ ಮುಚ್ಚಳ, ಒಂದು ಹನಿ ಸೋರುವುದಿಲ್ಲ. ನಮ್ಮ ಕೆಲಸದಲ್ಲಿ ಒಂದು ಆಸಿಡ್ ಬೇಕಾಗುತ್ತದೆ. ಉಪ್ಪಿನ ಹರಳಿನಂಥ ಬಿಳಿ ಪುಡಿ, ನೀರಿನಲ್ಲಿ ಕರಗಿಸಿದರೆ ಕಲ್ಲಿನ ಮೇಲಿನ ತುಕ್ಕಿನ ಕಲೆ ತಿನ್ನುತ್ತದೆ. ಮಾರುವವನು ಪ್ರತಿ ಸಲ ಹೇಳುತ್ತಿದ್ದ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕಲ್ಲಾಗ್ತಾವ ಅಂತ. ಅದನ್ನು ನಾನು ಕರಿ ಇಟಲಿ ಬಾಟ್ಲಿಯಲ್ಲಿ ತುಂಬಿಕೊಂಡು ಓಡಾಡುತ್ತಿದ್ದೆ. ಅದರ ಹೆಸರಿನ ಚೀಟಿ ಕಿತ್ತಿರಲಿಲ್ಲ. ಅಷ್ಟು ಚಂದದ ಚೀಟಿ ಯಾಕೆ ಕೀಳಬೇಕು ಅಂತ.

ಅದೇ ವರ್ಷ ಒಂದು ಶನಿವಾರ ಬಾದಾಮಿಯಲ್ಲಿ ಒಬ್ಬರ ಹೊಸ ಮನೆಯ ಕಲ್ಲಿಗೆ ತುಕ್ಕು ಇಳಿದಿತ್ತು. ಸಾಹೇಬರೇ ಹೇಳಿ ಕಳಿಸಿದ್ದರು. ಕಲೆ ತೆಗೆದೆ. ಅರಿವೆಯಲ್ಲಿ ಉಳಿದ ಆಸಿಡನ್ನೂ ವ್ಯರ್ಥ ಮಾಡಬಾರದು ಅಂತ ಹಿಂಡಿ ಮತ್ತೆ ಬಾಟ್ಲಿಗೆ ತುಂಬಿದೆ. ಅಂಥ ಜುಗ್ಗತನಕ್ಕೆ ನಾನು ಹೆಮ್ಮೆ ಪಡುತ್ತಿದ್ದೆ. ತುಕ್ಕು ಕರಗಿ ಅದು ಕಂದು ಬಣ್ಣಕ್ಕೆ ತಿರುಗಿತ್ತು. ಸಂಜೆ ಬರುವಾಗ ಬಾದಾಮಿಯಲ್ಲಿದ್ದ ಸಾಹೇಬರ ಒಡಹುಟ್ಟಿದ ಅಕ್ಕ ಕೊಟ್ಟ ಸಜ್ಜೆ ರೊಟ್ಟಿಯ ಗಂಟನ್ನು ಅವರ ಮನೆಗೆ ಮುಟ್ಟಿಸಬೇಕಿತ್ತು. ಚೀಲದ ಮೇಲುಗಡೆಯೇ ಇದ್ದ ಬಾಟ್ಲಿ ತೆಗೆದು ಅಡಿಗೆಮನೆ ಕಟ್ಟೆಯ ಮೇಲಿಟ್ಟೆ, ಗಂಟು ಕೊಟ್ಟೆ, ಅಕ್ಕಾರು ಕೊಟ್ಟ ಮಜ್ಜಿಗೆ ಕುಡಿದೆ, ಚೀಲ ಹೆಗಲಿಗೆ ಹಾಕಿಕೊಂಡು ಬಂದೆ.

ಮರುದಿನ ರವಿವಾರ, ಆದರೆ ಅವತ್ತು ನಾನು ಸಾಹೇಬರ ಹತ್ತಿರ ಕೂಡುವವನಿರಲಿಲ್ಲ. ಬಾಗಲಕೋಟೆಯಲ್ಲಿ ಒಬ್ಬರ ಮನೆಯ ಪಾವಟಿಗೆಯ, ಅಂದರೆ ಮೆಟ್ಟಿಲುಗಳ, ಅಳತೆ ತರಲು ಹೊರಟಿದ್ದೆ. ಹುನಗುಂದ ದಾಟಿ ಅಮೀನಗಡದಲ್ಲಿ ಬಸ್ಸು ನಿಂತಾಗ, ಅಳತೆಪಟ್ಟಿ ತಂದಿದ್ದೇನೋ ಇಲ್ಲವೋ ಅಂತ ಚೀಲದಲ್ಲಿ ಕೈ ಹಾಕಿದೆ. ಪಟ್ಟಿ ಇತ್ತು. ಬಾಟ್ಲಿ ಇರಲಿಲ್ಲ.

ಮೊದಲು ಅದು ಬರೀ ಮರೆವು ಅನ್ನಿಸಿತು. ಆಮೇಲೆ ಒಂದೊಂದೇ ತಿಳಿಯುತ್ತ ಬಂತು. ಬಾಟ್ಲಿ ಅವರ ಕಟ್ಟೆಯ ಮೇಲೆ ಇದೆ. ಅದೇ ಚೀಟಿಯ, ಅರ್ಧ ತುಂಬಿದ ಇನ್ನೊಂದು ಬಾಟ್ಲಿ ಅವರ ಮಾಡದಲ್ಲಿದೆ. ಅಕ್ಕಾರಿಗೆ ಓದು ಬಾರದು, ಕಟ್ಟೆಯ ಮೇಲಿದ್ದದ್ದನ್ನು ಎತ್ತಿ ಮಾಡದಲ್ಲಿ ಇಡುತ್ತಾರೆ. ಒಳಗಿನದೂ ಕಂದು. ಆ ಬಾಟ್ಲಿಗೆ ಹತ್ತಿದ ಮೂಲಿಕೆ ವಾಸನೆ ಹತ್ತು ಸಲ ತೊಳೆದರೂ ಹೋಗಿರಲಿಲ್ಲ. ಇವತ್ತು ರವಿವಾರ. ಕರದಂಟಿನ ಅಂಗಡಿಯ ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು.

ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದೆ. ಆ ಕಡೆ ಬಾರಿಸಿತು, ಬಾರಿಸಿತು, ನಿಂತಿತು. ಅಕ್ಕಾರು ರವಿವಾರ ಸಂತೆಗೆ ಹೋಗುವರು. ಸಾಹೇಬರು ರುಚಿ ನೋಡಲು ಕೂತರೆ ಫೋನು ಎತ್ತುವವರಲ್ಲ, ಕಿವಿ ತುಂಬಿದರೆ ನಾಲಿಗೆ ಕೆಡುತ್ತದೆ ಅನ್ನುವರು. ಹಾಗಾದರೆ ಇವತ್ತು ಬೇಗ ಕೂತರೇ? ಅಥವಾ ಎತ್ತುವ ಸ್ಥಿತಿಯಲ್ಲಿ ಇಲ್ಲವೇ? ಎರಡನೇ ಸಲ ಹಚ್ಚಿದೆ. ಆಗಲೂ ಯಾರೂ ಎತ್ತಲಿಲ್ಲ.

ಹೊರಗೆ ಎರಡು ಬಸ್ಸು ನಿಂತಿದ್ದವು. ಒಂದು ಬಾಗಲಕೋಟೆಗೆ, ಒಂದು ಇಳಕಲ್ಲಿಗೆ. ಇಲ್ಲಿ ಖರೆ ಬರೆಯಬೇಕು. ನಾನು ಕೂಡಲೆ ಇಳಕಲ್ ಬಸ್ಸು ಹತ್ತಲಿಲ್ಲ. ಬಾಗಲಕೋಟೆಗೆ ಹೋಗಿ ಅಳತೆ ತೆಗೆದು, ಸಂಜೆ ಏನೂ ಗೊತ್ತಿಲ್ಲದವನ ಹಾಗೆ ಬಂದರೆ? ಬಾಟ್ಲಿಯ ಮೇಲೆ ನನ್ನ ಹೆಸರಿಲ್ಲ. ಪೊಲೀಸರು ಕೇಳಿದರೆ ಅವರ ಮನೆಯದೇ ಬಾಟ್ಲಿ. ಹೀಗೆಲ್ಲ ಲೆಕ್ಕ ಹಾಕಿದ ತಲೆ ನನ್ನದೇ. ಬಾಗಲಕೋಟೆಯ ಬಸ್ಸು ಹೊರಟಿತು. ಅದರ ಧೂಳು ಇಳಿದ ಮೇಲೆ ನಾನು ಇಳಕಲ್ ಬಸ್ಸು ಹತ್ತಿದೆ.

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಚಹಾಕ್ಕೆ ಇಳಿದ. ಬೇಗ ಬರ್ರಿ ಅಂತ ಅಂಗಲಾಚಿದೆ. ಯಾರಿಗೇನಾತು ಅಂತ ಕೇಳಿದ. ಏನು ಹೇಳಲಿ? ನಮ್ಮ ಸಾಹೇಬರಿಗೆ ಆರಾಮಿಲ್ಲ ಅಂದೆ. ಅವನು ಅರ್ಧ ಚಹಾ ಬಿಟ್ಟು ಎದ್ದ. ಹಾಗೆ ಹೇಳಿದ್ದಕ್ಕೆ ನನಗೆ ಇನ್ನೂ ಹೆದರಿಕೆ ಆಯಿತು, ಬಾಯಿಂದ ಅಪಶಕುನ ಆಡಿದೆನಲ್ಲ ಅಂತ. ದಾರಿಯುದ್ದಕ್ಕೂ ಅವರು ಪಡಸಾಲಿಯಲ್ಲಿ ಹೇಗೆ ಬಿದ್ದಿರಬಹುದು ಅಂತ ಕಣ್ಣಿಗೆ ಬರುತ್ತಿತ್ತು. ಒಂದೇ ಒಂದು ಹಗ್ಗ ಇತ್ತು ಹಿಡಿಯಲು: ಮೊದಲು ಕಲ್ಲು, ಆಮೇಲೆ ಬಾಯಿ. ಅವರು ಕಲ್ಲಿಗೆ ಕೇಳದೆ ಕುಡಿಯುವವರಲ್ಲ. ಅದನ್ನೇ ಮಂತ್ರದ ಹಾಗೆ ಅಂದುಕೊಳ್ಳುತ್ತ ಕೂತೆ.

ಇಳಕಲ್ಲಿನಲ್ಲಿ ಇಳಿದು ಓಡಿದೆ. ಬಾಗಿಲು ತೆರೆದಿತ್ತು. ಸಾಹೇಬರು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಎದುರಿಗೆ ಫರಸಿ ತುಂಡು, ಎರಡು ಬರ್ಬನ್, ಪಕ್ಕಕ್ಕೆ ಸರಿಸಿದ ಕರಿ ಬಾಟ್ಲಿ, ಅದರ ಮುಚ್ಚಳ ಬಿಗಿಯಾಗಿ ಮುಚ್ಚಿತ್ತು. ಬಲಗಡೆ ಒಂದು ತಂಬಿಗೆ ನೀರು. ಅವರ ಮುಖ ಬೆಳ್ಳಗಿತ್ತು, ಅಥವಾ ನನಗೆ ಹಾಗೆ ಕಂಡಿತು. ಫರಸಿಯ ಮೇಲೆ ಒಂದರ ಕೆಳಗೆ, ಎರಡರ ಕೆಳಗೆ ತೆಳು ಬಳೆ. ಮೂರರ ಕೆಳಗೆ ಪಾಲಿಶ್ ಸತ್ತು ಸುಣ್ಣ ಬಳಿದಂತೆ ಬಿಳಿ ಮಚ್ಚೆ.

ಅವರೇ ಕೇಳಿದರು.

"ಇದು ನಿಂದೇನು?"

"ಹೌದ್ರಿ."

"ಯಾವ ಆಸಿಡ್ಡು?"

ಹೇಳಿದೆ. "ಸಾಹೇಬ್ರ, ಕುಡದ್ರೇನ್ರಿ?"

ಅವರು ಫರಸಿಯ ಮೇಲೆ ಬೆರಳಿಟ್ಟರು. "ಕಲ್ಲು ಕುಡೀತು. ನಾ ಕುಡೀಲಿಲ್ಲ."

ನಾನು ಅಲ್ಲೇ ಕೂತು ಅತ್ತೆ. ಮದುವೆಯಾದ ಗಂಡಸು, ನೆಲದ ಮೇಲೆ ಕೂತು ಅತ್ತೆ. ಅವರು ತಂಬಿಗೆ ನೀರು ಕುಡಿದು, ಒಂದು ಬ್ಲೇಡು ಕೊಟ್ಟು, ಬಾಟ್ಲಿಯ ಚೀಟಿ ಕೆರೆಯಲು ಹಚ್ಚಿದರು. ಕೆರೆದು ಮುಗಿಯುವ ತನಕ ಬೈಯಲಿಲ್ಲ. ಆಮೇಲೆ ಅಂದದ್ದು ಒಂದೇ ಮಾತು. "ಇದನ್ನ ಮಾಡದಾಗ ಇಟ್ಟಾಕಿ ಆಕಿ. ಗೊತ್ತಾದ್ರ ಸಾಯೂತನಕ ತನ್ನ ಕೈ ತಾನ ನೋಡಿಕೋತ ಕೂಡ್ತಾಳ. ಆಕಿ ಇರೂತನಕ ನಿನ್ನ ಬಾಯಿಂದ ಹೊರಗ ಬರಬಾರದು. ನನ್ನ ಆಣಿ." ಅಷ್ಟರಲ್ಲಿ ಅಕ್ಕಾರು ಸಂತೆಯಿಂದ ಬಂದರು. ಹೊಲಸು ಬಾಟ್ಲಿ, ಕೆಟ್ಟು ಹೋಗಿತ್ತು, ಚೆಲ್ಲಲು ಹೇಳಿದೆ ಅಂದರು ಸಾಹೇಬರು. ಒಂದಾದರೂ ಕಡಿಮೆ ಆತಲ್ಲ ಅಂತ ಅಕ್ಕಾರು ಕಾಯಿಪಲ್ಲೆ ಸುರಿದರು. ಸಾಹೇಬರು ಅವತ್ತು ಊಟ ಮಾಡಲಿಲ್ಲ, ಮಜ್ಜಿಗೆ ಕೇಳಿ ಕೇಳಿ ಕುಡಿದರು. ಬಿಸಿಲು ಅಂದರು. ಇದನ್ನು ಆಗ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆ ಮೇಲೆ ತಿಂಗಳುಗಟ್ಟಲೆ ನಾನು ಅವರ ಮುಖ ಬಾತಿದೆಯೇ, ಕಾಲು ಬಾತಿದೆಯೇ ಅಂತ ನೋಡುತ್ತಿದ್ದೆ. ಒಂದು ಸಲ ನಾಚಿಕೆ ಬಿಟ್ಟು, ಮೂತ್ರ ಸರಿಯಾಗಿ ಆಗ್ತದೇನ್ರಿ ಅಂತ ಕೇಳಿದೆ. "ಲೇ, ನೀ ಪಾಲಿಶ್ ಮಾಡಾವನೋ, ದವಾಖಾನಿ ನರ್ಸೋ?" ಅಂದು ನಕ್ಕರು. ರವಿವಾರ ನಿಲ್ಲಲಿಲ್ಲ. ಆದರೆ ಅಂದಿನಿಂದ ಹನಿ ಇಡುವವನು ನಾನು. ಒಣಗುವ ತನಕ ಅವರ ಕೈಗೆ ಮುಚ್ಚಳ ಕೊಡುತ್ತಿರಲಿಲ್ಲ. ಹೊಸದಾದರೂ ಅಷ್ಟೇ, ಹತ್ತು ಸಲ ನೋಡಿದ್ದಾದರೂ ಅಷ್ಟೇ.

೨೦೦೪ರಲ್ಲಿ ಕೆಲಸ ಬಿಟ್ಟು, ಮಗಳು ಇದ್ದಾಳೆ ಅಂತ ಬಾಗಲಕೋಟೆಗೆ ಹೋದರು. ಎರಡು ವರ್ಷಕ್ಕೆ ಸುದ್ದಿ ಬಂತು, ಮೂತ್ರಪಿಂಡ ಕೆಟ್ಟಿವೆ, ವಾರಕ್ಕೆ ಎರಡು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಯುತ್ತಾರೆ. ಅಮೀನಗಡದಲ್ಲಿ ಬಸ್ಸು ನಿಂತಾಗಿನ ಹೆದರಿಕೆ, ಎಂಟು ವರ್ಷ ಎಲ್ಲಿತ್ತೋ, ಹಾಗೇ ಎದ್ದು ಬಂತು.

ಪ್ರತಿ ವಾರ ಹೋದೆ. ಅಮೀನಗಡ ಬಂದಾಗ ಕಿಟಕಿ ಕಡೆ ನೋಡುತ್ತಿರಲಿಲ್ಲ. ದವಾಖಾನೆಯ ಡಾಕ್ಟರರನ್ನು ಒಮ್ಮೆ ಹೊರಗೆ ಹಿಡಿದು, ಇಂಥ ಆಸಿಡ್ಡು ಎಂಟು ವರ್ಷದ ಹಿಂದೆ ಹೊಟ್ಟೆಗೆ ಹೋಗಿದ್ದರೆ ಈಗ ಹೀಗಾಗಬಹುದೇ ಅಂತ ಕೇಳಿದೆ. ಎಷ್ಟು ಕುಡಿದಿದ್ದರು ಅಂದರು. ಕುಡೀಲೇ ಇಲ್ಲಂತ್ರಿ ಅಂದೆ. "ಮತ್ತ ಯಾಕ ಕೇಳ್ತಿ?" ಅಂದರು. ಸಕ್ಕರೆ ಬೇನೆಯವರಿಗೆ ಇದು ಆಗುವಂಥದ್ದೇ, ಒಂದು ಗುಟುಕು ಏನಾದರೂ ಮಾಡುವುದಿದ್ದರೆ ಅದೇ ವಾರದಲ್ಲಿ ಮಾಡುತ್ತಿತ್ತು ಅಂತ ತಿಳಿಸಿ ಹೇಳಿದರು. ತಿಳಿಯಿತು. ಎದೆಗೆ ಇಳಿಯಲಿಲ್ಲ.

ಸಾಹೇಬರನ್ನೇ ಮತ್ತೆ ಕೇಳಿದೆ. ಕೈಯಲ್ಲಿ ಸೂಜಿ ಚುಚ್ಚಿದ ಕಪ್ಪು ಗುರುತುಗಳು. ಯಂತ್ರದ ಕೊಳವೆಯಲ್ಲಿ ಅವರ ರಕ್ತ ತಿರುಗುತ್ತಿತ್ತು.

"ಅವತ್ತ ಖರೇನ ಕುಡೀಲಿಲ್ಲೇನ್ರಿ?"

"ನನ್ನ ಸಕ್ಕರಿ ಬ್ಯಾನಿ ನಿನ್ನ ಬಾಟ್ಲಿಗಿಂತ ಹಿರೇದು," ಅಂದರು. "ಅದು ಮಾಡಿದ್ದರ ಹೆಸರು ನೀ ತಗೋಬ್ಯಾಡ." ಆಮೇಲೆ ಕಣ್ಣು ಮುಚ್ಚಿ, ಹೊಸ ಬಾಟ್ಲಿ ಏನಾದರೂ ಬಂದವೇ ಅಂತ ಕೇಳಿದರು.

೨೦೦೮ರಲ್ಲಿ ತೀರಿದರು. ದಿನಕರ್ಮ ಮುಗಿದ ಮೇಲೆ ಅಕ್ಕಾರು ನನ್ನನ್ನು ಒಳಗೆ ಕರೆದು, ನೋಟ್‌ಬುಕ್ಕನ್ನೂ ಹಳೆ ಪಂಚೆಯಲ್ಲಿ ಸುತ್ತಿದ ಒಂದು ಫರಸಿ ತುಂಡನ್ನೂ ಕೊಟ್ಟರು. "ಇದೊಂದ ನಿನಗ ತಿಕ್ಕಾಕ ಕೊಡಲಿಲ್ಲ ನೋಡಪಾ. ಯಾಕೋ ಇಟಗೊಂಡಿದ್ರು." ಮೂರರ ಕೆಳಗಿನ ಬಿಳಿ ಮಚ್ಚೆ ಹಾಗೇ ಇತ್ತು.

ನೋಟ್‌ಬುಕ್ಕನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಿಚ್ಚಿದೆ. ಕರದಂಟಿನ ತಳ, ಕಿರಾತಕಡ್ಡಿ, ಬಜಿ ಬೇರು, ಎಲ್ಲ ಇದ್ದವು, ನನ್ನ ಮಾತುಗಳು ನನ್ನ ಮಾತಿನಲ್ಲೇ. ಆ ರವಿವಾರದ ಹಾಳೆಯನ್ನು ಹುಡುಕುವುದು ಕಷ್ಟ ಆಗಲಿಲ್ಲ. ಒಂದನೇದು, ಎರಡನೇದು, ಯಾವತ್ತಿನ ಹಾಗೆ. ಮೂರನೇದರ ಮುಂದೆ ಹೀಗಿತ್ತು:

"ಕಹಿ ಇಲ್ಲ. ಬರೀ ಹುಳಿ. ನಾಲಿಗಿ ಹಿಡೀತು. ಅರ್ಧ ಮುಚ್ಚಳ ಒಳಗ ಹೋತು, ಉಳಿದದ್ದು ಉಗುಳಿದೆ. ಗುರ್ತಿನ ಬಾಟ್ಲಿ ಅಂತ ಕಲ್ಲಿಗಿ ಕೇಳಲಿಲ್ಲ. ಆಮ್ಯಾಲೆ ಕೇಳಿದೆ. ತಪ್ಪು ನಂದು."

ಬಾಗಲಕೋಟೆಯ ಆ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಬಸ್ಸು ಬಂದು ಹೋದವೋ ಗೊತ್ತಿಲ್ಲ. ನನ್ನ ಎದುರು ಕೂತು, ಹೊಟ್ಟೆಯಲ್ಲಿ ನನ್ನ ಆಸಿಡ್ಡು ಇಟ್ಟುಕೊಂಡು, ನಾನು ಚೀಟಿ ಕೆರೆಯುವುದನ್ನು ನೋಡುತ್ತಿದ್ದ ಮುಖ ಕಣ್ಣ ಮುಂದೆ ನಿಂತಿತು. ತಪ್ಪು ಅವರದಲ್ಲ. ಇದನ್ನು ಅವರಿಗೆ ಹೇಳಲು ಈಗ ದಾರಿ ಇಲ್ಲ. ಡಾಕ್ಟರರ ಮಾತೇ ಖರೆ ಇರಬೇಕು. ಇರಬೇಕು ಅಂತ ನಾನು ಇವತ್ತಿಗೂ ಮುಂಜಾನೆ ಎದ್ದು ಅಂದುಕೊಳ್ಳುತ್ತೇನೆ.

ಈಗ ಹುನಗುಂದದ ದಾರಿಯಲ್ಲಿ ನನ್ನದೇ ಕಾರ್ಖಾನೆ ಇದೆ. ಕೊಯ್ಯುವ ಯಂತ್ರ ಎರಡು, ಪಾಲಿಶ್ ಯಂತ್ರ ಮೂರು, ದುಡಿಯುವವರು ಒಂಬತ್ತು ಮಂದಿ. ಆಸಿಡ್ಡಿಗೆ ಬಿಳಿ ಡಬ್ಬಿ ನಾಲ್ಕು, ನಾಲ್ಕಕ್ಕೂ ಕುತ್ತಿಗೆಗೆ ಕೆಂಪು ಬಣ್ಣ. ಗಾಜಿನ ಬಾಟ್ಲಿ ಒಂದೂ ಇಲ್ಲ. ಮನೆ ಒಂದು, ಮಕ್ಕಳು ಇಬ್ಬರು. ನೋಟ್‌ಬುಕ್ಕು ಒಂದು. ಫರಸಿ ತುಂಡು ಒಂದು, ಅದರ ಮೇಲೆ ಗುರುತು ಮೂರು.